ಹೂವಿಲ್ಲದ ಬಾಗಿಲು

ಮೇಲವಂಕಿಯ ನಮ್ಮ ಅಡುಗೆಮನೆಯ ಕಪಾಟಿಗೂ ಈಗ ಶೇಕರ್ ಬಾಗಿಲು ಬೇಕಂತೆ. ನಾಲ್ಕು ಪಟ್ಟಿಯ ಚೌಕಟ್ಟು, ನಡುವೆ ಸಪಾಟು ಹಲಗೆ, ಬಳ್ಳಿಯಿಲ್ಲ, ನವಿಲಿಲ್ಲ. ಪಕ್ಕದ ಗೋಕಾಕದವರು ಕಟ್ಟಿಗೆಯಲ್ಲೇ ಬಾಳೆಹಣ್ಣು ಮಾಡಿ, ಬಣ್ಣ ಹಚ್ಚಿ, ನೊಣಕ್ಕೂ ಮೋಸ ಮಾಡುವವರು! "ಹೂವು ಬ್ಯಾಡ, ರೊಕ್ಕಾ ಮಾತ್ರ ಹೆಚ್ಚಿಗಿ. ಇದ್ಯಾವ ಲೆಕ್ಕಾರೀ ಅಕ್ಕಾರ?" ಎಂದ ಬಡಿಗ.

1774ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಶೇಕರ್ ಪಂಥದವರು ಅಲಂಕಾರವನ್ನು ಅಹಂಕಾರವೆಂದೇ ಬಗೆದವರು, ಮದುವೆಯನ್ನೂ ಒಲ್ಲೆವೆಂದವರು. ಅತ್ತೆ-ಸೊಸೆ ಇಲ್ಲದ ಅಡುಗೆಮನೆಗೆ ಬಾಗಿಲು ಹೇಗಿದ್ದರೇನು! ಅವರು ಜೋಳದ ರೊಟ್ಟಿ ಬಡಿದವರೂ ಅಲ್ಲ. ಬಡಿದಿದ್ದರೆ ತಿಳಿಯುತ್ತಿತ್ತು: ಚೌಕಟ್ಟಿನ ಕೆಳಪಟ್ಟಿಯ ಅಂಚಿನ ಮೇಲೆ ಸಂಜೆಯೊಳಗೆ ಇನ್ನೊಂದು ರೊಟ್ಟಿಗಾಗುವಷ್ಟು ಹಿಟ್ಟು. ಅತ್ತೆಯವರು ಮಾದರಿ ಬಾಗಿಲ ಮೇಲೆ ಆಗಲೇ ಬೆರಳಾಡಿಸಿ ನೋಡಿದ್ದಾರೆ. ನಾನೂ ಬಣ್ಣ ಆರಿಸಿಟ್ಟಿದ್ದೇನೆ: ಅಪ್ಪಟ ಜೋಳದ ಹಿಟ್ಟಿನ ಬಿಳುಪು.