ನಾಲ್ಕು ಗಿಡಗಳ ಪರ್ಣಪ್ರೋಕ್ಷಣ ಮೀಮಾಂಸೆ

ಎಲೆಗೆ ಬಾಯಿ ಇದೆಯೇ ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಾಚಾರ್ಯರು ಎತ್ತಲಿಲ್ಲ. ಅವರಿಗೆ ಜೀವ-ಬ್ರಹ್ಮಗಳ ನಡುವಿನ ವ್ಯಾಜ್ಯವೇ ತೀರಿರಲಿಲ್ಲ. ಮೇಲಾಗಿ ಅವರ ಬಳಿ ಸ್ಪ್ರೇ ಬಾಟಲಿ ಇರಲಿಲ್ಲ. ಈ ಕೊರತೆಯನ್ನು ಕೆನಡಾದ ಒಂಟಾರಿಯೋ ಪ್ರಾಂತ್ಯದ ಸಾಧಕರು ತುಂಬಿಕೊಟ್ಟಿದ್ದಾರೆ. ಹೊರಗೆ ಹಿಮ ಬೀಳುತ್ತಿರುವಾಗ ಮನೆಯ ನೆಲಮಾಳಿಗೆಯಲ್ಲಿ ಕಪ್ಪು ಡೇರೆ ಕಟ್ಟಿ, ಎಲ್‌ಇಡಿ ದೀಪ ಉರಿಸಿ, ಅದರಡಿಯಲ್ಲಿ ಗಾಂಜಾ ಗಿಡಗಳನ್ನು ಸಾಕಿ, ಸಂಜೆಯಾದೊಡನೆ ಅವುಗಳ ಎಲೆಗಳಿಗೆ ತುಂತುರು ಸೇವೆ ಸಲ್ಲಿಸುವ ಈ ಮಹನೀಯರ ಆಚಾರ, ಭಿನ್ನಮತ ಮತ್ತು ಬಿಲ್ಲುಗಳೇ ಪ್ರಸ್ತುತ ಗ್ರಂಥಕ್ಕೆ ಆಧಾರ.

ಮೊದಲು ಅಧಿಕಾರಿ ನಿರ್ಣಯ. 2018ರ ಅಕ್ಟೋಬರ್ 17ರಂದು ಜಾರಿಗೆ ಬಂದ ಕಾನೂನಿನ ಪ್ರಕಾರ ಒಂಟಾರಿಯೋದಲ್ಲಿ 19 ವರ್ಷ ತುಂಬಿದವರೇ ಈ ಶಾಸ್ತ್ರಕ್ಕೆ ಅಧಿಕಾರಿಗಳು. ಗಿಡ ನಾಲ್ಕು, ಅದೂ ಮನೆಯೊಂದಕ್ಕೆ. ಗಂಡನಿಗೆ ನಾಲ್ಕು, ಹೆಂಡತಿಗೆ ನಾಲ್ಕು, ಊರಿಂದ ಬಂದು ಆರು ತಿಂಗಳು ಕೂತಿರುವ ಅತ್ತೆಯವರ ಹೆಸರಿನಲ್ಲಿ ಇನ್ನೂ ನಾಲ್ಕು ಎಂಬ ಗಣಿತ ಊರ್ಜಿತವಲ್ಲ. ಒಟ್ಟಾವಾ ನದಿಯ ಆಚೆ ದಡದ ಕ್ವಿಬೆಕ್‌ನಲ್ಲಿ ಒಂದು ಗಿಡಕ್ಕೂ ಅವಕಾಶವಿಲ್ಲ. ಆ ನಿಷೇಧವನ್ನು 2023ರಲ್ಲಿ ಕೆನಡಾದ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ. ಸೇತುವೆ ದಾಟುವಷ್ಟರಲ್ಲಿ ಸಾಧಕ ಆರೋಪಿಯಾಗುತ್ತಾನೆ. ಕರ್ನಾಟಕದಲ್ಲಿ ಕುಳಿತು ಇದನ್ನು ಓದುತ್ತಿರುವವರಿಗೆ 1985ರ ಮಾದಕ ವಸ್ತು ಕಾಯ್ದೆ ಅನ್ವಯ. ಅಲ್ಲಿ ಅಧಿಕಾರಿಗಳೇ ಬೇರೆ, ಅವರು ಜೀಪಿನಲ್ಲಿ ಬರುತ್ತಾರೆ.

ಗುರುಪರಂಪರೆಯಿಲ್ಲದೆ ಶಾಸ್ತ್ರ ನಿಲ್ಲದು. 1840ರ ದಶಕದಲ್ಲಿ ಫ್ರಾನ್ಸಿನ ಯೂಜೆಬ್ ಗ್ರಿ ಹಳದಿ ತಿರುಗಿದ ಎಲೆಗಳಿಗೆ ಕಬ್ಬಿಣದ ಲವಣದ ನೀರು ಹಚ್ಚಿ ಹಸಿರು ಮರಳಿಸಿದ್ದು ಆದಿಪರ್ವ. 1950ರ ದಶಕದಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಟ್ಯೂಕಿ, ವಿಟ್ವರ್ ಎಂಬ ಇಬ್ಬರು ವಿಕಿರಣಶೀಲ ಪೋಷಕಗಳನ್ನು ಎಲೆಗೆ ಸವರಿ, ಅವು ಗಿಡದೊಳಗೆ ಸಾಗುವುದನ್ನು ಅಳೆದು ತೋರಿಸಿದರು. ಎಲೆ ಒಳಗೆಳೆದುಕೊಳ್ಳಬಲ್ಲದು ಎಂದಷ್ಟೇ ಅದರಿಂದ ಸಿದ್ಧವಾಯಿತು. ಎಲೆ ಬೇರಿಗಿಂತ ಮಿಗಿಲು ಎಂಬುದು ಬಾಟಲಿಯ ಲೇಬಲ್ ಬರೆದವರ ಭಾಷ್ಯ.

ಈ ಎರಡು ಪರ್ವಗಳ ನಡುವೆ ಕನ್ನಡ ನಾಡಿಗೆ ಸಲ್ಲಬೇಕಾದ ಸ್ಥಾನವನ್ನು ಯಾರೂ ಗುರುತಿಸದಿರುವುದು ವಿಷಾದನೀಯ. ಒಂಟಾರಿಯೋದಲ್ಲೇ ಹುಟ್ಟಿದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಿನ ಅಡಿಕೆ ತೋಟಗಳನ್ನು ತಿನ್ನುತ್ತಿದ್ದ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು; ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯುವ ಪದ್ಧತಿ ಬೇರೂರಿದ್ದು ಅವರಿಂದ. ಶತಮಾನ ಕಳೆದ ಮೇಲೆ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರನ ಮೊಮ್ಮಗ ಸಾಫ್ಟ್‌ವೇರ್ ಕೆಲಸದ ನಿಮಿತ್ತ ಒಂಟಾರಿಯೋಗೆ ಹೋಗಿ ಬಾಟಲಿ ಹಿಡಿದರೆ, ಅದು ಸಾಲ ತೀರುವಳಿಯೇ ಹೊರತು ಚಟವಲ್ಲ. ಕೋಲ್ಮನ್ ಹೊಡೆಸಿದ್ದು ಮದ್ದು, ಊಟವಲ್ಲ ಎಂಬ ಆಕ್ಷೇಪವನ್ನು ಅಡಿಟಿಪ್ಪಣಿಯಲ್ಲಿ ಪರಿಶೀಲಿಸಬಹುದಿತ್ತು. ಈ ಗ್ರಂಥಕ್ಕೆ ಅಡಿಟಿಪ್ಪಣಿಗಳಿಲ್ಲ.

ಈಗ ಸಂಶಯ. ಎಲೆ ಉಣ್ಣುವುದೋ, ಇಲ್ಲವೋ?

ಉಣ್ಣುತ್ತದೆ ಎಂಬುದು ತುಂತುರು ಮತದವರ ಪೂರ್ವಪಕ್ಷ. ಗಾಂಜಾ ಎಲೆಯ ಅಡಿಭಾಗದಲ್ಲಿ ಪತ್ರರಂಧ್ರಗಳು ಕಿಕ್ಕಿರಿದಿವೆ. ರಂಧ್ರವಿದ್ದಲ್ಲಿ ಬಾಯಿ, ಬಾಯಿದ್ದಲ್ಲಿ ಹಸಿವು, ಹಸಿವಿದ್ದಲ್ಲಿ ಅಂಗಡಿ. ಆದ್ದರಿಂದ ಎಲೆಯ ಅಡಿಗೇ ಸಿಂಪಡಿಸಬೇಕು. ಇದರ ಅನುಷ್ಠಾನಕ್ಕಾಗಿ ನಡುವಯಸ್ಸಿನ ಗೃಹಸ್ಥರು ಡೇರೆಯೊಳಗೆ ಮಂಡಿಯೂರಿ, ತಲೆ ಓರೆ ಮಾಡಿ, ಬಾಟಲಿಯನ್ನು ಊರ್ಧ್ವಮುಖವಾಗಿ ಹಿಡಿಯುತ್ತಾರೆ. ಹತ್ತರಲ್ಲಿ ಮೂರು ಪಾಲು ಎಲೆಗೆ, ಉಳಿದದ್ದು ಸಾಧಕನ ಕನ್ನಡಕಕ್ಕೆ.

ಬೇರು ಮತದವರ ಉತ್ತರ ಕಟುವಾಗಿದೆ. ರಂಧ್ರವಿರುವುದು ಗಾಳಿಗೆ. ನೀರಿನ ಹನಿ ತನ್ನ ಮೇಲ್ಮೈ ಸೆಳೆತದಿಂದಾಗಿ ಅದರ ಬಾಗಿಲಲ್ಲೇ ನಿಂತುಬಿಡುತ್ತದೆ. ಒಂದು ತೊಟ್ಟು ಸೋಪು ಬೆರೆಸಿ ಸೆಳೆತ ಮುರಿದರೆ ಸ್ವಲ್ಪ ಒಳಗೆ ಹೋದೀತು. ಮಿಕ್ಕ ಮೈಗೆಲ್ಲ ಮೇಣದ ಹೊದಿಕೆ, ಮಲೆನಾಡಿನ ಮಳೆಗಾಲದ ಗೊರಬಿನಂತೆ. ಒಳಗಿನ ನೀರು ಆವಿಯಾಗದಿರಲಿ ಎಂದು ಸಸ್ಯಕುಲ ನಲವತ್ತು ಕೋಟಿ ವರ್ಷಗಳಿಂದ ನೇಯ್ದುಕೊಂಡ ಆ ಹೊದಿಕೆಯನ್ನು ಅರ್ಧ ಲೀಟರ್ ಬಾಟಲಿಯಿಂದ ಗೆಲ್ಲಹೊರಡುವುದು ಧೈರ್ಯದ ಲಕ್ಷಣ. ಯೂರಿಯಾದಂಥ ಪುಟ್ಟ ಅಣು ನುಸುಳುತ್ತದೆ, ಸುಳ್ಳಲ್ಲ. ಕಬ್ಬಿಣ, ಸತು, ಮ್ಯಾಂಗನೀಸ್ ಕೂಡ ಒಂದಿಷ್ಟು ಹೋಗುತ್ತವೆ. ಅವು ಬೇಕಾಗುವುದೇ ಚಿಟಿಕೆಯಷ್ಟು, ಹಾಗಾಗಿ ಅಲ್ಲಿ ಲೆಕ್ಕ ಸರಿಹೋಗುತ್ತದೆ. ಆದರೆ ಗಿಡಕ್ಕೆ ಬೇಕಾದ ಸಾರಜನಕ, ಪೊಟ್ಯಾಸಿಯಂ ಅಷ್ಟನ್ನೂ ಎಲೆಯಿಂದಲೇ ಉಣಿಸುತ್ತೇನೆಂದು ದ್ರಾವಣ ಗಟ್ಟಿ ಮಾಡಿದರೆ ಎಲೆಯ ಅಂಚು ಸುಟ್ಟು ಕರಕಲಾಗುತ್ತದೆ. ಕ್ಯಾಲ್ಸಿಯಂ ಹಳೆಯ ಎಲೆಗೆ ಬಿದ್ದರೆ ಅಲ್ಲೇ ಠಿಕಾಣಿ; ಹೊಸ ಚಿಗುರಿಗೆ ದಾಟುವುದು ಇಲ್ಲವೆನ್ನುವಷ್ಟು ಕಡಿಮೆ.

ತುಂತುರು ಮತದವರು ಇದನ್ನೆಲ್ಲ ಕೇಳಿ ತಲೆದೂಗಿ, ಮತ್ತೆ ಬಾಟಲಿ ಎತ್ತಿಕೊಳ್ಳುತ್ತಾರೆ. ಇದಕ್ಕೆ ಗಿಡ ಕಾರಣವಲ್ಲ. ಟೈಮರ್ ದೀಪ ಆರಿಸುತ್ತದೆ, ಫ್ಯಾನು ಗಾಳಿ ಬೀಸುತ್ತದೆ, ಪಂಪು ನೀರುಣಿಸುತ್ತದೆ, ಮೊಬೈಲು ಆರ್ದ್ರತೆ ವರದಿ ಮಾಡುತ್ತದೆ. ಇಷ್ಟೆಲ್ಲ ಸಲಕರಣೆ ಕೊಂಡ ಯಜಮಾನನಿಗೆ ಸಂಜೆ ಏಳರ ಮೇಲೆ ಕೈಗೆ ಕೆಲಸವೇ ಉಳಿದಿರುವುದಿಲ್ಲ. ನನ್ನ ಮಟ್ಟಿಗೆ ಈ ಶಾಸ್ತ್ರದ ಮೂಲಸೂತ್ರ ಇದೇ: ಉಪವಾಸವಿರುವುದು ಎಲೆಯಲ್ಲ, ಕೈ.

ಸೂಕ್ಷ್ಮಜೀವಿ ಪ್ರಕರಣಕ್ಕೆ ಬಂದರೆ ಭಕ್ತಿ ಇನ್ನೂ ಗಾಢ. ಕಾಂಪೋಸ್ಟನ್ನು ಬಟ್ಟೆಯಲ್ಲಿ ಕಟ್ಟಿ ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟು, ಕಾಕಂಬಿ ಸುರಿದು, ಮೀನಿನ ತೊಟ್ಟಿಯ ಪಂಪಿನಿಂದ ಒಂದು ದಿನವಿಡೀ ಗಾಳಿ ಊದಿಸುವ ಪಾಕಕ್ಕೆ ಅಲ್ಲಿ ಕಾಂಪೋಸ್ಟ್ ಟೀ ಎನ್ನುತ್ತಾರೆ. ನೈಸರ್ಗಿಕ ಕೃಷಿ ಬೋಧಿಸುವ ಸುಭಾಷ್ ಪಾಳೇಕರ್ ಅವರ ಶಿಬಿರಕ್ಕೆ ಹೋಗಿಬಂದ ನಮ್ಮ ರೈತರಿಗೆ ಇದು ಪರಿಚಿತ ಮುಖ: 200 ಲೀಟರ್ ನೀರು, 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ಬೇಳೆಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಕೂಡಿದ ಜೀವಾಮೃತದಿಂದ ಹಸುವನ್ನು ಕಳೆದು ಪ್ಲಗ್ಗನ್ನು ಕೂಡಿಸಿದರೆ ಶೇಷ ಇದೇ. ಕಾಕಂಬಿ ಸುರಿದಷ್ಟೂ ಜೀವಿಗಳು ಹೆಚ್ಚುತ್ತವೆ. ಯಾವ ಜೀವಿಗಳು ಎಂದು ಕೇಳಬಾರದು. ಗೊಬ್ಬರ ಸರಿಯಾಗಿ ಕಳಿತಿರದಿದ್ದರೆ ಇ. ಕೋಲೈ ಕೂಡ ಅದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತದೆ.

ಈ ಪಾಕಕ್ಕೆ ಟೊರೊಂಟೊ ನಲ್ಲಿಯ ನೀರು ಹಿಡಿದವರ ಪಾಡು ಬೇರೆ. ಕ್ಲೋರಿನ್ನಾದರೆ ಒಂದು ರಾತ್ರಿ ತೆರೆದಿಟ್ಟರೆ ಹಾರಿಹೋಗುತ್ತದೆ. ಆ ನಗರ ಬಳಸುವುದು ಕ್ಲೋರಮೈನ್. ಬಾಡಿಗೆದಾರನಿಗಿಂತ ಹಠಮಾರಿ, ಅಷ್ಟು ಸುಲಭಕ್ಕೆ ಜಾಗ ಬಿಡದು. ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದೇ ಮದ್ದು ಬೆರೆಸಿದ ನೀರಿನಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸುವ ಈ ಸಂಕಲ್ಪ ಮೆಚ್ಚತಕ್ಕದ್ದು. ಬಲ್ಲವರು ಚೂರು ವಿಟಮಿನ್ ಸಿ ಕದಡಿ ಪಾರಾಗುತ್ತಾರೆ.

ಮೈಕೊರೈಜಾದ ಕಥೆಯಂತೂ ಕರುಣಾಜನಕ. ಬೇರು-ಶಿಲೀಂಧ್ರಗಳ ಈ ದಾಂಪತ್ಯಕ್ಕೆ 1885ರಲ್ಲಿ ಜರ್ಮನಿಯ ಫ್ರಾಂಕ್ ಹೆಸರಿಟ್ಟರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಬಾಗ್ಯರಾಜ್ ದಶಕಗಟ್ಟಲೆ ಅದನ್ನೇ ಅಭ್ಯಾಸ ಮಾಡಿದರು. ಮಣ್ಣಿನಲ್ಲಿ ರಂಜಕ ಕಡಿಮೆ ಇದ್ದರೆ ಗಿಡ ಶಿಲೀಂಧ್ರಕ್ಕೆ ಸಕ್ಕರೆ ಕೊಟ್ಟು ರಂಜಕ ತರಿಸಿಕೊಳ್ಳುತ್ತದೆ. ರಂಜಕ ಸಮೃದ್ಧವಾಗಿದ್ದರೆ ಸಂಬಂಧ ಮುರಿದು ಬೀಳುತ್ತದೆ. ನಮ್ಮ ಸಾಧಕ ಬೆಳಗ್ಗೆ ದುಬಾರಿ ಶಿಲೀಂಧ್ರದ ಪುಡಿ ಬೇರಿಗೆ ಹಾಕುತ್ತಾನೆ; ಸಂಜೆ ಹೂವು ದಪ್ಪವಾಗಲೆಂದು ರಂಜಕದ ಬಾಟಲಿ ಸುರಿಯುತ್ತಾನೆ. ಮದುವೆ ಮತ್ತು ವಿಚ್ಛೇದನ ಎರಡಕ್ಕೂ ಒಂದೇ ಅಂಗಡಿಯ ರಸೀದಿ. ಅದೇ ಪುಡಿಯನ್ನು ಎಲೆಗೆ ಸಿಂಪಡಿಸುವ ಉಗ್ರಪಂಥೀಯರೂ ಇದ್ದಾರಂತೆ. ಬೇರು ಸಿಕ್ಕದೆ ಬದುಕದ ಜೀವಿಯನ್ನು ಮಹಡಿ ಹತ್ತಿಸಿ ಏಣಿ ತೆಗೆದಂತಾಯಿತು.

ಎಲೆಯ ಮೇಲೆ ನಿಜಕ್ಕೂ ಕೆಲಸ ಮಾಡುವ ಜೀವಿಗಳು ಉಣಿಸುವವಲ್ಲ, ಕಾವಲಿನವು. ಬೂದಿರೋಗ ತಡೆಯಲು ಬ್ಯಾಸಿಲಸ್ ಸಬ್ಟಿಲಿಸ್, ಎಲೆ ತಿನ್ನುವ ಹುಳುವಿಗೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಈ ಎರಡನೆಯದನ್ನು 1901ರಲ್ಲಿ ಜಪಾನಿನ ಇಶಿವಾತಾ ಕಂಡುಹಿಡಿದದ್ದು ಸತ್ತ ರೇಷ್ಮೆಹುಳುವಿನಲ್ಲಿ. ರಾಮನಗರದ ಗೂಡು ಮಾರುಕಟ್ಟೆಯ ಕಡೆಯವರು ಇದರ ಬಾಟಲಿಯನ್ನು ಹಿಪ್ಪುನೇರಳೆ ತೋಟದ ಹತ್ತಿರವೂ ಸುಳಿಯಗೊಡಬಾರದು.

ಕೊನೆಗೆ ನಿಷಿದ್ಧಕಾಲ. ದೀಪವನ್ನು 18 ಗಂಟೆಯಿಂದ 12ಕ್ಕಿಳಿಸಿದ ಮೇಲೆ ಹೂವು ಕಟ್ಟತೊಡಗುತ್ತದೆ. ಅಂದಿನಿಂದ ತುಂತುರು ವರ್ಜ್ಯ: ಒತ್ತಾದ ಹೂಗೊಂಚಲಿನೊಳಗೆ ತೇವ ನಿಂತರೆ ಬೂದು ಬೂಷ್ಟು ಹಿಡಿದು ಒಳಗಿಂದಲೇ ಕೊಳೆಯುತ್ತದೆ. ಇದರಲ್ಲಿ ಎರಡೂ ಮತಗಳಿಗೆ ಏಕವಾಕ್ಯತೆ ಇದೆ. ಹಾಗಾದರೆ ಮುಂದಿನ ಎಂಟೊಂಬತ್ತು ವಾರ ಕೈಗೆ ಗತಿಯೇನು?

ಸಂಪ್ರದಾಯ ಇದಕ್ಕೂ ದಾರಿ ತೋರಿಸಿದೆ. ಅದೇ ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿ ಊರಿನ ನೆನಪಿಗೆ ಜೀವ ಹಿಡಿದುಕೊಂಡಿರುವ ಕರಿಬೇವಿನ ಕುಂಡವೊಂದಿರುತ್ತದೆ. ನಲ್ಲಿಯ ಗಡಸು ನೀರು ಕುಡಿದು ಕುಡಿದು ಮಣ್ಣು ಕ್ಷಾರಕ್ಕೆ ತಿರುಗಿ, ಕಬ್ಬಿಣವಿದ್ದೂ ಬೇರಿಗೆ ದಕ್ಕದೆ, ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿರುತ್ತದೆ. ಕೆಲಸವಿಲ್ಲದ ಸಾಧಕ ಒಂದು ಸಂಜೆ ಉಳಿದ ಕಬ್ಬಿಣದ ದ್ರಾವಣವನ್ನು ಅದಕ್ಕೆ ಹೊಡೆಯುತ್ತಾನೆ. ಗ್ರಿ ಮಹಾಶಯ ಫ್ರಾನ್ಸಿನಲ್ಲಿ ಕಂಡದ್ದು ಕಿಟಕಿಯಲ್ಲಿ ಕಾಣಿಸುತ್ತದೆ. ಈ ಒಂದು ಗಿಡಕ್ಕೆ ಕಾನೂನಿನ ಮಿತಿಯಿಲ್ಲ. ಆದರೆ ಅದರ ಒಡತಿಯ ಅಪ್ಪಣೆಯಿಲ್ಲದೆ ಬಾಟಲಿ ಮುಟ್ಟಿದ್ದಕ್ಕೆ ಆ ವಾರದ ಸಾರಿಗೆ ಒಗ್ಗರಣೆ ಬೀಳಲಿಲ್ಲವೆಂದು ಶಿಷ್ಟರ ಉಕ್ತಿ.