ಪದ್ಯ ಯಾವುದು, ಅರ್ಥ ಯಾವುದು

ನಮ್ಮ ಕರ್ಕಿಯಲ್ಲಿ ಸುದ್ದಿ ಹೇಳುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಹೊನ್ನಾವರದಿಂದ ಕುಮಟೆಗೆ ಹೋಗುವ ಬಸ್ಸು ಕರ್ಕಿ ನಾಕೆಯಲ್ಲಿ ನಿಂತರೆ, ಇಳಿಯುವವರಿಗಿಂತ ಮೊದಲು ಸುದ್ದಿ ಇಳಿದಿರುತ್ತದೆ. ಯಾರ ಮನೆಗೆ ಯಾವ ಊರಿನ ನೆಂಟರು ಬಂದರು, ಬಂದವರು ಹೆಣ್ಣು ನೋಡಲು ಬಂದವರೋ ಜಾಗ ನೋಡಲು ಬಂದವರೋ, ಹೆದ್ದಾರಿ ಅಗಲ ಮಾಡುವಾಗ ಯಾರ ತೆಂಗಿನಮರಕ್ಕೆ ಎಷ್ಟು ಪರಿಹಾರ ಸಿಕ್ಕಿತು ಎಂಬುದೆಲ್ಲ ಚಾ ಅಂಗಡಿಯ ಬೆಂಚಿನ ಮೇಲೆ ಬಿಸಿಯಾಗಿಯೇ ಸಿಗುತ್ತದೆ. ಪೇಪರು ಬರುವುದು ಆಮೇಲೆ. ಅದನ್ನು ತೆರೆಯುವುದು ಸುದ್ದಿ ತಿಳಿಯಲಿಕ್ಕಲ್ಲ, ನಮಗೆ ಗೊತ್ತಿದ್ದದ್ದರಲ್ಲಿ ಪೇಪರಿನವನಿಗೆ ಎಷ್ಟು ಗೊತ್ತಾಗಿದೆ ಎಂದು ಪರೀಕ್ಷಿಸಲಿಕ್ಕೆ.

ಈ ಎಲ್ಲ ಸುದ್ದಿಗಾರರಲ್ಲಿ ನಾನು ಹೆಚ್ಚು ನಂಬುವುದು ಬಾಗಿಲಿಗೆ ಮೀನು ತರುವ ಹೆಂಗಸನ್ನು. ‘ಬೋಟು ಮುಳುಗ್ತಂತೆ, ಹೌದನೆ?’ ಎಂದು ಕೇಳಿದರೆ, ಬುಟ್ಟಿ ಇಳಿಸುತ್ತಾ, ‘ನಾ ಕಂಡ್ಲಿಲ್ಲ ಅಣ್ಣಾ. ಐಸ್ ತುಂಬು ಹುಡ್ಗ ಹೇಳ್ದ’ ಎನ್ನುತ್ತಾಳೆ. ಕಂಡಿಲ್ಲ ಎಂಬುದೂ ಬಂತು, ಹೇಳಿದವನು ಯಾರು ಎಂಬುದೂ ಬಂತು. ಇಷ್ಟು ಚೊಕ್ಕಟವಾಗಿ ಸುದ್ದಿಯ ಮೂಲವನ್ನು ಹೇಳುವ ವರದಿಗಾರರನ್ನು ನಾನು ಹೆಚ್ಚು ಕಂಡಿಲ್ಲ. ಕಾರಣ ದೊಡ್ಡದೇನಲ್ಲ. ನಿನ್ನೆಯ ಬಂಗಡೆಯನ್ನು ಇಂದಿನದೆಂದು ಹೇಳಿದರೆ ನಾಳೆ ಇದೇ ಬಾಗಿಲಿಗೆ ಬಂದು ಬೈಸಿಕೊಳ್ಳಬೇಕಾದವಳು ಅವಳೇ.

ನಾನೂ ಬಹಳ ಕಾಲ ಬಿಡಿ ಸುದ್ದಿಗಾರನಾಗಿದ್ದವನು. ಬಿಡಿ ಸುದ್ದಿಗಾರನೆಂದರೆ ಸಂಬಳವಿಲ್ಲದ, ಆದರೆ ಊರಿನ ಸಕಲ ಸಮಾರಂಭಗಳ ಮೊದಲ ಸಾಲಿನಲ್ಲಿ ಕುರ್ಚಿಯುಳ್ಳ ಮನುಷ್ಯ. ನಮ್ಮ ಮುಖ್ಯ ಉತ್ಪಾದನೆ ಸಮಾರಂಭದ ಸುದ್ದಿ. ಅದಕ್ಕೊಂದು ಅಚ್ಚು ಇದೆ. ಇಂಥವರು ಉದ್ಘಾಟಿಸಿ ಮಾತನಾಡಿದರು, ಇಂಥವರು ಅಧ್ಯಕ್ಷತೆ ವಹಿಸಿದ್ದರು, ಇಂಥವರು ಸ್ವಾಗತಿಸಿದರು, ಇಂಥವರು ವಂದಿಸಿದರು. ಉದ್ಘಾಟಕರು ಏನು ಮಾತನಾಡಿದರೆಂದು ಬರೆಯದಿದ್ದರೂ ಯಾರೂ ಕೇಳುವುದಿಲ್ಲ, ಉದ್ಘಾಟಕರೂ ಕೇಳುವುದಿಲ್ಲ. ವಂದಿಸಿದವರ ಹೆಸರು ಬಿಟ್ಟರೆ ಮಾತ್ರ ಬೆಳಿಗ್ಗೆ ಆರಕ್ಕೇ ಫೋನು. ಡೆಸ್ಕಿನಲ್ಲಿ ಕುಳಿತ ಉಪಸಂಪಾದಕರು ಸುದ್ದಿಯನ್ನು ಬಾಲದಿಂದ ಕತ್ತರಿಸುವವರು. ನಮ್ಮ ವಂದನಾರ್ಪಣೆಯೋ ಯಾವಾಗಲೂ ಬಾಲದಲ್ಲೇ. ಸಂಪಾದನೆಯೆಂಬ ಕಲೆಯ ಪೂರ್ಣ ಶಕ್ತಿಯನ್ನು ನಾನು ತಿಳಿದದ್ದು ವಂದಿಸಿದವರ ಸಿಟ್ಟಿನಿಂದ.

ಈ ಪೂರ್ವಾಶ್ರಮದ ವಾಸನೆ ಹಿಡಿದು, ಹತ್ತಿರದ ಹೈಸ್ಕೂಲಿನವರು ಗೋಡೆಪತ್ರಿಕೆ ಮಾಡುವ ಮಕ್ಕಳಿಗೆ ಸುದ್ದಿ ಬರೆಯುವುದನ್ನು ಹೇಳಿಕೊಡಿ ಎಂದು ಕರೆದರು. ಪತ್ರಿಕೋದ್ಯಮದ ಪುಸ್ತಕದಲ್ಲಿ ತಲೆಕೆಳಗಾದ ಪಿರಮಿಡ್ ಎಂದೊಂದು ಬರುತ್ತದೆ: ಮುಖ್ಯವಾದದ್ದು ಮೊದಲು, ಉಳಿದದ್ದು ಆಮೇಲೆ. ಅದನ್ನು ಬೋರ್ಡಿನ ಮೇಲೆ ಬರೆದೆ. ಬರೆದ ಮೇಲೆ ಅದು ಕನ್ನಡಕ್ಕೆ ಒಗ್ಗುವುದು ಸುಲಭವಲ್ಲ ಎಂದು ಹೊಳೆಯಿತು. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೇ ಬರಬೇಕು. ತೆಂಗಿನಮರದಿಂದ ಬಿದ್ದ ಮನುಷ್ಯನನ್ನು ಆಸ್ಪತ್ರೆಗೆ ಸೇರಿಸಿ, ವೈದ್ಯರಿಂದ ಪರೀಕ್ಷೆ ಮಾಡಿಸಿ, ಬಂಧುಗಳನ್ನೆಲ್ಲ ಕರೆಸಿದ ಮೇಲೆ, ಅವನು ಬದುಕಿದನೋ ಇಲ್ಲವೋ ಎಂಬುದು ಪೂರ್ಣವಿರಾಮಕ್ಕೆ ಅರ್ಧ ಇಂಚು ಮೊದಲು ಗೊತ್ತಾಗುತ್ತದೆ. ಪೇಪರಿನಲ್ಲಾದರೆ ಕಣ್ಣು ಹಾರಿಸಿ ಕೊನೆ ನೋಡಬಹುದು, ರೇಡಿಯೋದಲ್ಲಿ ಕಿವಿ ಹಾರಿಸಲಾಗುವುದಿಲ್ಲ. ಅದಕ್ಕೇ ಧಾರವಾಡ ಆಕಾಶವಾಣಿಯ ಪ್ರದೇಶ ಸಮಾಚಾರದವರು ಒಂದು ಉಸಿರಿಗೆ ಒಂದೇ ವಾಕ್ಯ ಎಂಬಂತೆ ಓದುತ್ತಿದ್ದರು. ವಿಶೇಷಣ ಕಡಿಮೆ, ಅವಸರ ಇಲ್ಲವೇ ಇಲ್ಲ. ಅವರು ಓದಿದರೆ ನೆರೆ ಬಂದದ್ದೂ ಸಮಾಧಾನದ ವಿಷಯವೇ ಅನ್ನಿಸುತ್ತಿತ್ತು.

ಮಕ್ಕಳಿಗೆ ಮೊದಲ ಅಭ್ಯಾಸ ಕೊಟ್ಟೆ: ಹೆದ್ದಾರಿಯಲ್ಲಿ ಮೀನಿನ ಗಾಡಿಯೊಂದು ಮಗುಚಿದೆ, ಚಾಲಕನ ಮೊಣಕೈ ತರಚಿದೆ, ನಾಲ್ಕು ಸಾಲು ಬರೆಯಿರಿ. ಎಲ್ಲರೂ ‘ಭೀಕರ ಅಪಘಾತ’ದಿಂದಲೇ ಶುರು ಮಾಡಿದ್ದರು. ಒಬ್ಬ ‘ಬೆಚ್ಚಿಬಿದ್ದ ಕರ್ಕಿ’ ಎಂದು ತಲೆಬರಹ ಕೊಟ್ಟು ಅದರ ಪಕ್ಕ ಮೂರು ಆಶ್ಚರ್ಯಸೂಚಕ ಹಾಕಿದ್ದ. ‘ಯಾರ್ಯಾರು ಬೆಚ್ಚಿಬಿದ್ದರಪ್ಪಾ?’ ಎಂದು ಕೇಳಿದೆ. ‘ಟಿವಿಯಲ್ಲಿ ಹಾಗೇ ಹೇಳ್ತ್ರು ಸರ್’ ಎಂದ. ಅವನ ತಪ್ಪಲ್ಲ. ಟಿವಿಯಲ್ಲಿ ಊರುಗಳು ಬೆಚ್ಚಿಬೀಳುವ ವೇಳೆಯಲ್ಲಿ ಆ ಊರಿನವರು ಗಂಜಿ ಉಂಡು ಮಲಗಿರುತ್ತಾರೆ. ಕುಮಟೆ ತಾಲೂಕಿನ ಬರ್ಗಿಯಲ್ಲಿ 2015ರ ಸೆಪ್ಟೆಂಬರಿನಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿ ಜನ ಸತ್ತರಲ್ಲ, ಅಂಥದ್ದಕ್ಕೆ ಬೇಕಾಗುವ ಪದವನ್ನು ಮೊಣಕೈಗೇ ಖರ್ಚು ಮಾಡಿದರೆ ಆಮೇಲೆ ಏನು ಬರೆಯುತ್ತೀರಿ ಎಂದೆ. ‘ಅತಿ ಭೀಕರ, ಸರ್’ ಎಂದಳು ಹಿಂದಿನ ಬೆಂಚಿನವಳು. ಉತ್ತರ ಅವಳ ಬಳಿ ಸಿದ್ಧವಾಗಿಯೇ ಇತ್ತು.

ಪುಸ್ತಕ ಮುಚ್ಚಿ ಆಟಕ್ಕೆ ಬಂದೆ. ಆಟವೆಂದರೆ ನಮ್ಮಲ್ಲಿ ಯಕ್ಷಗಾನ. ಕರ್ಕಿ ಎಂದರೆ ಹಾಸ್ಯಗಾರರ ಮೇಳ. ಪರಮಯ್ಯ ಹಾಸ್ಯಗಾರರ ಹೆಸರು ಹೇಳಿದರೆ ಹಿರಿಯರು ಈಗಲೂ ಎದ್ದು ಕೂರುತ್ತಾರೆ. ಆಟದಲ್ಲಿ ಹಾಸ್ಯಗಾರ ಮಾಡುವ ಕೆಲಸಗಳಲ್ಲಿ ಒಂದು ದೂತನದು, ಇನ್ನೊಂದು ಚಾರಕನದು. ಅಂದರೆ ಸುದ್ದಿ ತರುವವನು. ಅವನು ಓಡಿಬಂದು ಏದುಸಿರು ಬಿಡುತ್ತಾ ‘ಕೆಟ್ಟಿತು ಒಡೆಯಾ’ ಎಂದರೆ ರಾಜ ಕೂಡಲೇ ಕತ್ತಿ ಹಿರಿಯುವುದಿಲ್ಲ. ಏನು ಕೆಟ್ಟಿತು, ಎಲ್ಲಿ, ನೀನು ಕಣ್ಣಾರೆ ಕಂಡೆಯೋ ಯಾರಾದರೂ ಹೇಳಿದರೋ, ಅವರು ಎಷ್ಟು ಮಂದಿ, ನೀನು ಆಗ ಎಲ್ಲಿ ಅಡಗಿದ್ದೆ ಎಂದು ಕೇಳುತ್ತಾ ಹೋಗುತ್ತಾನೆ. ಚಾರಕ ತಪ್ಪಿಸಿಕೊಳ್ಳಲು ನೋಡುತ್ತಾನೆ, ಜನ ನಗುತ್ತಾರೆ. ನಗುವಿನ ನಡುವೆ ನಡೆಯುವುದು ಮಾತ್ರ ಒಬ್ಬ ಸಂಪಾದಕ ತನ್ನ ವರದಿಗಾರನನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿ.

ಇದಕ್ಕಿಂತ ದೊಡ್ಡ ಪಾಠ ತಾಳಮದ್ದಳೆಯಲ್ಲಿದೆ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅದು ಕವಿ ಬರೆದಿಟ್ಟದ್ದು, ಯಾರೂ ಬದಲಿಸುವಂತಿಲ್ಲ. ಆಮೇಲೆ ಅರ್ಥಧಾರಿ ಅರ್ಥ ಹೇಳುತ್ತಾನೆ. ಅದು ಅವನ ಬುದ್ಧಿ, ಅವನ ಓದು, ಅವನ ಆ ರಾತ್ರಿಯ ಹುರುಪು. ಎಷ್ಟು ಹಾರಿದರೂ ಪದ್ಯವನ್ನು ಕೇಳುಗರು ಮೊದಲೇ ಕೇಳಿರುತ್ತಾರಾದ್ದರಿಂದ ಯಾವುದು ಪದ್ಯದಲ್ಲಿತ್ತು, ಯಾವುದು ಇವನು ಸೇರಿಸಿದ್ದು ಎಂದು ಅಕ್ಷರ ಬಾರದ ಅಜ್ಜನಿಗೂ ಗೊತ್ತು. ‘ಕರ್ಣ ಹಂಗೆ ಅನ್ನೂಕೆ ಪದ್ಯದಲ್ಲಿ ಎಲ್ಲಿ ಜಾಗ ಉಂಟು?’ ಎಂದು ಬೆಳಗಿನ ಜಾವ ಮನೆಗೆ ನಡೆಯುತ್ತಾ ಜಗಳವಾಡುತ್ತಾರೆ. ಅದೇ ಅಜ್ಜನ ಮೊಮ್ಮಗ, ಕೆಲವೊಮ್ಮೆ ಅಜ್ಜನೇ, ಮೊಬೈಲಿಗೆ ಬಂದದ್ದನ್ನು ಪೂರ್ತಿ ಓದದೆ ಹತ್ತು ಗುಂಪುಗಳಿಗೆ ದೂಡುತ್ತಾನೆ. ಅರ್ಥಕ್ಕೆ ಇಷ್ಟು ಖಡಕ್ಕಾದ ವಿಮರ್ಶಕರು ಸುದ್ದಿಗೆ ಮಾತ್ರ ಯಾಕೆ ಇಷ್ಟು ಉದಾರಿಗಳಾದರೋ!

ಮಕ್ಕಳಿಗೆ ಎರಡನೇ ಅಭ್ಯಾಸ ಊರಿನ ಹೆಮ್ಮೆಯ ಬಗ್ಗೆ. ಒಬ್ಬಳು ‘ಮರಾಠಿ ರಂಗಭೂಮಿಗೆ ಜನ್ಮ ಕೊಟ್ಟ ಕರ್ಕಿ’ ಎಂದು ಬರೆದು ತಂದಳು. ಪದ್ಯ ಎಷ್ಟಿದೆ ನೋಡೋಣ ಎಂದು ಕೂತೆವು. 1842ರಲ್ಲಿ ಕರ್ಕಿಯ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತು. ಅಲ್ಲಿನ ಅರಸ ಚಿಂತಾಮಣರಾವ್ ಪಟವರ್ಧನ ನೋಡಿ ಮೆಚ್ಚಿ, ಇಂಥದ್ದು ಮರಾಠಿಯಲ್ಲೂ ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದ. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಇಷ್ಟು ಪದ್ಯ. ಜನ್ಮ ಕೊಟ್ಟದ್ದು ಅರ್ಥ. ಜನ್ಮ ಕೊಡುವ ಕಷ್ಟ ಭಾವೆಯವರದು, ಆಸೆ ಹುಟ್ಟಿಸಿದ್ದು ನಮ್ಮವರು ಎಂದು ತಿದ್ದಿದೆವು. ಹುಡುಗಿಗೆ ಬೇಸರವಾಯಿತು. ‘ನಮ್ಮೂರದ್ದೇ ಅಲ್ಲ ಸರ್, ಸ್ವಲ್ಪ ಹೆಚ್ಚಾದ್ರೆ ಅಡ್ಡಿಲ್ಲ’ ಎಂದಳು. ವೈರಿಯ ಬಗ್ಗೆ ಹೆಚ್ಚಾಗಿ ಬರೆದರೆ ಬೇರೆಯವರು ಹಿಡಿಯುತ್ತಾರೆ, ನಮ್ಮೂರಿನ ಬಗ್ಗೆ ಹೆಚ್ಚಾಗಿ ಬರೆದರೆ ಸನ್ಮಾನ ಮಾಡುತ್ತಾರೆ. ತಿದ್ದುವ ಪೆನ್ನು ಮೊದಲು ಇಳಿಯಬೇಕಾದದ್ದು ಇಲ್ಲಿಗೇ.

ಅದೇ 1843ರ ಜುಲೈ 1ರಂದು ಇತ್ತ ಮಂಗಳೂರಿನಲ್ಲಿ ಪಾದ್ರಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ, ಹದಿನೈದು ದಿನಕ್ಕೊಮ್ಮೆ, ಕಲ್ಲಚ್ಚಿನಲ್ಲಿ. ಅದರಲ್ಲಿ ಊರ ವರ್ತಮಾನಕ್ಕೆ ಒಂದು ಜಾಗ, ಸರಕಾರದ ನಿರೂಪಗಳಿಗೆ ಒಂದು ಜಾಗ, ಕಥೆಗಳಿಗೆ ಬೇರೆಯೇ ಒಂದು ಜಾಗ. ಪಾದ್ರಿಗಳಿಗೆ ತಾಳಮದ್ದಳೆಯ ರುಚಿ ಇತ್ತೋ ಇಲ್ಲವೋ, ಕಥೆಯನ್ನು ವರ್ತಮಾನದೊಳಗೆ ಬಿಟ್ಟುಕೊಳ್ಳಬಾರದೆಂಬುದು ಗೊತ್ತಿತ್ತು.

ನಮ್ಮೂರಿನ ಸೂರಿ ವೆಂಕಟರಮಣ ಶಾಸ್ತ್ರಿಗಳ ಹೆಸರನ್ನೂ ಇಲ್ಲಿ ಹೇಳದಿದ್ದರೆ ಊರವರು ನನ್ನನ್ನು ಬಿಡುವುದಿಲ್ಲ. ಮುಂಬೈಯಲ್ಲಿದ್ದುಕೊಂಡು ‘ಹವ್ಯಕ ಸುಬೋಧ’ ಪತ್ರಿಕೆ ನಡೆಸಿದವರು, 1887ರಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಬರೆದವರು. ಹಣ ಕೊಟ್ಟು ಎಳೆಯ ಹುಡುಗಿಯನ್ನು ಮುದುಕ ಮದುವೆಯಾಗುವ ಆ ಕಾಲದ ಪದ್ಧತಿಯನ್ನು ಊರಿನ ಆಡುಮಾತಿನಲ್ಲೇ ನಗಿಸಿ ನಗಿಸಿ ತೊಳೆದಿಟ್ಟರು. ಶಾಸ್ತ್ರಿಗಳ ಜಾಣತನವೆಂದರೆ ಯಾವ ಮನೆಯ ಹೆಸರನ್ನೂ ಹೇಳದೆ ಪದ್ಧತಿಯ ಕಿವಿ ಹಿಂಡಿದ್ದು. ಈಗಿನ ಕೆಲವು ವರದಿಗಳು ತಿರುಗಾಮುರುಗಾ. ದೌರ್ಜನ್ಯಕ್ಕೆ ಒಳಗಾದ ಹುಡುಗಿಯ ಗುರುತು ಬಿಟ್ಟುಕೊಡಬಾರದೆಂದು ಕಾನೂನು ಇದೆಯಲ್ಲ, ಅದಕ್ಕೆ ಹೆದರಿ ಹೆಸರೊಂದನ್ನು ಬಿಡುತ್ತಾರೆ. ಊರು, ಕೇರಿ, ಓದುವ ತರಗತಿ, ಅಪ್ಪನ ಅಂಗಡಿ ಯಾವ ಓಣಿಯಲ್ಲಿದೆ ಎಂಬುದನ್ನು ಮಾತ್ರ ಬಿಡುವುದಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಸೀಮೆಯಲ್ಲಿ ಇಷ್ಟು ಹೇಳಿದ ಮೇಲೆ ಮುಚ್ಚಿಟ್ಟದ್ದಾದರೂ ಏನು?

ಮಕ್ಕಳ ಮುಂದೆ ನಾನು ತೆಗೆಯದ ಒಂದು ಪ್ರಸಂಗವಿದೆ. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಎರಡು ಗುಂಪುಗಳ ಗಲಾಟೆಯ ನಡುವೆ ಕಾಣೆಯಾಗಿದ್ದ ಯುವಕನ ಶವ ಶೆಟ್ಟಿಕೆರೆಯಲ್ಲಿ ಸಿಕ್ಕಿತು. ಅವನ ದೇಹಕ್ಕೆ ಏನೇನು ಮಾಡಲಾಗಿತ್ತು ಎಂಬ ವಿವರಗಳು ಶವಪರೀಕ್ಷೆಯ ವರದಿಗಾಗಿ ಕಾಯಲಿಲ್ಲ. ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಾ ಬೆಳೆದವು. ಹೊನ್ನಾವರ, ಕುಮಟೆ, ಶಿರಸಿಗಳಲ್ಲಿ ಕಲ್ಲು ಬಿತ್ತು. ಕುಮಟೆಯಲ್ಲಿ ಪೊಲೀಸ್ ಅಧಿಕಾರಿಯ ವಾಹನಕ್ಕೆ ಬೆಂಕಿ ಬಿತ್ತು. ಮಣಿಪಾಲದ ವಿಧಿವಿಜ್ಞಾನ ವೈದ್ಯರು ಒಂದೊಂದು ಆರೋಪಕ್ಕೂ ಕೊಟ್ಟ ಉತ್ತರವನ್ನು ಪೊಲೀಸರು ಪ್ರಕಟಿಸಿದರು: ಅಂಥ ಗಾಯಗಳಿಲ್ಲ. ತನಿಖೆ ಸಿಬಿಐಗೆ ಹೋಯಿತು. ನೀರಿಗೆ ಆಕಸ್ಮಿಕವಾಗಿ ಬಿದ್ದು ಮುಳುಗಿ ಸತ್ತದ್ದು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಸಲ್ಲಿಸಿದ್ದು 2022ರ ಅಕ್ಟೋಬರಿನಲ್ಲಿ. ಮಗನನ್ನು ಕಳೆದುಕೊಂಡ ಮನೆಯ ದುಃಖ ನಿಜದ್ದು, ಅದರ ಬಗ್ಗೆ ಯಾರೂ ಮಾತಾಡುವಂತಿಲ್ಲ. ಆದರೆ ಆ ವಾರ ನಮ್ಮ ಇಡೀ ಕರಾವಳಿ ಚಾರಕನಾಗಿತ್ತು, ‘ಕಂಡೆಯೋ, ಕೇಳಿದೆಯೋ’ ಎಂದು ಕೇಳುವ ರಾಜನೊಬ್ಬನೂ ಇರಲಿಲ್ಲ. ಪತ್ರಿಕಾ ಮಂಡಳಿಯ ನಿಯಮಗಳಲ್ಲಿ, ತಪ್ಪೆಂದು ಗೊತ್ತಾದರೆ ತಕ್ಕ ಪ್ರಾಮುಖ್ಯದೊಂದಿಗೆ ತಿದ್ದುಪಡಿ ಹಾಕಬೇಕೆಂದಿದೆ. ಪತ್ರಿಕೆಗಳಿಗೆ ಅದು ಸರಿ. ಚಾ ಅಂಗಡಿಯ ಬೆಂಚಿಗೆ, ಮದುವೆಮನೆಯ ಪಂಕ್ತಿಗೆ, ಹತ್ತು ಗುಂಪುಗಳಿಗೆ ದೂಡಿದ ಕೈಗೆ ಯಾವ ಮಂಡಳಿ? ಸುಳ್ಳನ್ನು ಹಂಚಿದವರಲ್ಲಿ ಐದು ವರ್ಷ ಬಿಟ್ಟು ಬಂದ ವರದಿಯನ್ನೂ ಅದೇ ಗುಂಪುಗಳಿಗೆ ಹಂಚಿದವರನ್ನು ನಾನಂತೂ ಕಂಡಿಲ್ಲ.

ಟಿವಿಯವರ ಕಷ್ಟ ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕೇರಳದ ವಾಹಿನಿಗಳೂ ಬಂದು ಗಂಗಾವಳಿಯ ದಂಡೆಯಲ್ಲಿ ಬೀಡುಬಿಟ್ಟವು. ಕಾಣೆಯಾದ ಲಾರಿಯೊಂದು ಮಣ್ಣಿನಡಿ ಇದೆ, ಅದರ ಚಾಲಕ ಒಳಗೆ ಬದುಕಿದ್ದಾನೆ ಎಂಬ ಆಸೆಯ ಮೇಲೆ ದಿನಗಟ್ಟಲೆ ನೇರಪ್ರಸಾರ. ಕ್ಯಾಮೆರಾ ತೆರೆದಿರುವಾಗ ‘ನಮಗಿನ್ನೂ ಗೊತ್ತಿಲ್ಲ’ ಎಂದು ಎಷ್ಟು ಗಂಟೆ ಹೇಳಲಾಗುತ್ತದೆ? ಪದ್ಯ ಮುಗಿದು ಹೋಗಿದ್ದರೂ ಬೆಳಗಿನವರೆಗೆ ಅರ್ಥ ಹೇಳಲೇಬೇಕಾದ ಪಾಡು ಅದು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ನದಿಯ ತಳದಲ್ಲಿ.

ಗೋಡೆಪತ್ರಿಕೆಗೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಮುಖ್ಯ ಸುದ್ದಿ ನೆರೆಯಲ್ಲ, ನಾಳೆ ಶಾಲೆಗೆ ರಜೆ ಉಂಟೋ ಇಲ್ಲವೋ ಎಂಬುದು. ಜಿಲ್ಲಾಧಿಕಾರಿಗಳ ಸಹಿಯುಳ್ಳ ಹಳೆಯ ಆದೇಶವೊಂದು ಪ್ರತಿ ಆಷಾಢದಲ್ಲೂ ಪುನರ್ಜನ್ಮ ಪಡೆದು ಓಡಾಡುತ್ತದೆ. ಈ ಸಲವೂ ಬಂತು. ಹಿಂದಿನ ಬೆಂಚಿನ ಆ ‘ಅತಿ ಭೀಕರ’ದ ಹುಡುಗಿ ಅದನ್ನು ದೊಡ್ಡದು ಮಾಡಿ ನೋಡಿ, ತಾರೀಕು ಹೋದ ವರ್ಷದ್ದೆಂದು ಹಿಡಿದಳು. ಸಾಲದ್ದಕ್ಕೆ ಶಾಲೆಯ ಆಫೀಸಿನಲ್ಲೂ ಕೇಳಿ, ‘ನಾಳೆ ರಜೆ ಇಲ್ಲ: ಹರಿದಾಡುತ್ತಿರುವ ಆದೇಶ ಹಳೆಯದು’ ಎಂದು ಬರೆದು ಮಧ್ಯಾಹ್ನವೇ ಗೋಡೆಗೆ ಅಂಟಿಸಿದಳು. ಮೂಲ ಇದೆ, ತಾರೀಕು ಇದೆ, ವಿಶೇಷಣ ಒಂದೂ ಇಲ್ಲ. ನಾನು ಬೆನ್ನು ತಟ್ಟಿದೆ. ಅವಳ ಕ್ಲಾಸಿನವರು ಮಾತು ಬಿಟ್ಟರು.

ರಾತ್ರಿ ಮಳೆ ಜೋರಾಗಿ, ಎಂಟೂವರೆಗೆ ಜಿಲ್ಲಾಧಿಕಾರಿಗಳು ನಿಜವಾಗಿಯೂ ರಜೆ ಕೊಟ್ಟರು. ಶಾಲೆ ಮತ್ತೆ ತೆರೆದ ದಿನ ಹೋಗಿ ನೋಡಿದರೆ, ಮೊದಲಿನ ಸುದ್ದಿಯ ಪಕ್ಕದಲ್ಲೇ ಅಷ್ಟೇ ದೊಡ್ಡ ಹಾಳೆ, ಅಷ್ಟೇ ದೊಡ್ಡ ಅಕ್ಷರ: ನಾವು ಬರೆದಾಗ ರಜೆ ಇರಲಿಲ್ಲ, ರಾತ್ರಿ 8.30ಕ್ಕೆ ಘೋಷಣೆಯಾಯಿತು, ಅದನ್ನು ತಿಳಿಸಲು ಶಾಲೆ ತೆರೆದಿರಲಿಲ್ಲ. ಕೆಳಗೆ ಸಂಪಾದಕಿಯ ಸಹಿ. ಹೆಡ್‌ಮಾಸ್ತರರು ಬಂದು, ಕನ್ನಡಕ ಏರಿಸಿ ಎರಡು ಸಲ ಓದಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, ತಲೆಬರಹದಲ್ಲಿದ್ದ ‘ಸ್ಪಷ್ಠನೆ’ಯ ಠಕಾರಕ್ಕೆ ಒಂದು ಸುತ್ತು ಹಾಕಿ ಹೋದರು.