ಕಾಲು ಮಾತ್ರೆ ಮೇಷ್ಟ್ರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಯಾವ ಊರಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ರಿಟೈರಾದ ಮೇಷ್ಟ್ರು, ಬೆಂಗಳೂರು ಸೇರಿದ ಮಕ್ಕಳು, ಮಕ್ಕಳು ಬಿಟ್ಟುಹೋದ ಬೆಕ್ಕು. ಮಧುಗಿರಿ ಬೆಟ್ಟದ ಬುಡದಲ್ಲಿರುವ ಮೇಷ್ಟ್ರ ಬೆಕ್ಕಿಗೆ ಇದರ ಜೊತೆಗೆ ಹಾರ್ಟ್ ಪ್ರಾಬ್ಲಮ್ಮು.

ದನದ ಆಸ್ಪತ್ರೆಯಲ್ಲಿ ಎಮ್ಮೆ, ಕುರಿಗಳ ನಡುವೆ ಬುಟ್ಟಿ ಇಟ್ಟುಕೊಂಡು ಕೂತಾಗ ಶಿರಾ ಕಡೆಯ ಕುರಿಯವನೊಬ್ಬ ಇಣುಕಿ ನೋಡಿದನಂತೆ. “ಬೆಕ್ಕಿಗೂ ಹಾರ್ಟಾ ಸಾ? ನಮ್ ಕುರಿಗಿಂಥದ್ದೆಲ್ಲ ಬರಲ್ಲ ಬಿಡಿ. ಬರೋಗಂಟ ಅದನ್ನ ಯಾರ್ ಇಟ್ಕೊಂಡಿರ್ತಾರೆ?”

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ದು ಎಕೋ ಮಾಡಿಸಿದರು. ಹೃದಯದ ಗೋಡೆ ದಪ್ಪಗಾಗಿದೆ; ಬೆಕ್ಕುಗಳಿಗೆ ಹೆಚ್ಚಾಗಿ ಬರುವ ಹೃದ್ರೋಗ ಇದೇ. ರಕ್ತ ಹೆಪ್ಪುಗಟ್ಟಿ ಹಿಂಗಾಲಿಗೆ ಹೋಗುವ ನಾಳದಲ್ಲಿ ಸಿಕ್ಕಿಕೊಂಡರೆ ಕಾಲು ಬಿದ್ದೇಹೋಗುತ್ತದೆ. ಹಾಗಾಗದಿರಲೆಂದು ದಿನಕ್ಕೆ ಕಾಲು ಮಾತ್ರೆ ಕ್ಲೋಪಿಡೋಗ್ರೆಲ್. ಸ್ಟೆಂಟ್ ಹಾಕಿಸಿಕೊಂಡ ಮೇಷ್ಟ್ರೂ ನುಂಗಬೇಕಾದದ್ದು ಅದೇ 75 ಮಿಲಿಗ್ರಾಮಿನದು, ಇಡೀದು. ಹೀಗಾಗಿ ಮನೆಗೆಲ್ಲ ಒಂದೇ ಸ್ಟ್ರಿಪ್ಪು.

ಸರ್ವೀಸೆಲ್ಲ ಭಿನ್ನರಾಶಿ ಕಲಿಸಿದವರು, ಕಾಲು ಅಂದರೆ ಕಾಲೇ, 18.75 ಆಗಲೇಬೇಕು. ಕನ್ನಡಕ ಏರಿಸಿ, ಅಡಕತ್ತರಿಯ ಬಾಯಿಗೆ ಮಾತ್ರೆ ಇಟ್ಟು, ಉಸಿರು ಹಿಡಿದು ಒತ್ತುತ್ತಾರೆ. ಅರ್ಧ ಕೈಯಲ್ಲಿ ಉಳಿದರೆ ಇನ್ನರ್ಧ ಬೀರುವಿನ ಕೆಳಗೆ. ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿ ಸರಿಯಾದದ್ದು ಬೆಕ್ಕಿಗೆ, ಅಳತೆ ತಪ್ಪಿದವೆಲ್ಲ ತಮ್ಮ ಬಾಯಿಗೆ. “ನಿಮ್ ಮಾತ್ರೆ ಆಯ್ತೇನ್ರೀ?” ಎಂದು ಒಳಗಿನಿಂದ ಕೇಳಿದರೆ “ಅದರದ್ದು ಆಯ್ತು ಕಣೇ” ಎಂಬುದೇ ಉತ್ತರ.

ಮಾತ್ರೆ ಮಹಾ ಕಹಿ. ನಾಲಿಗೆಗೆ ತಗುಲಿದರೆ ಬೆಕ್ಕು ನೊರೆ ಸುರಿಸುತ್ತದೆ. ಅದಕ್ಕೆಂದೇ ಖಾಲಿ ಕ್ಯಾಪ್ಸೂಲ್ ತರಿಸಿ, ಅದರೊಳಗೆ ಚೂರು ತುಂಬಿ, ಮೇಲೆ ಬೆಣ್ಣೆ ಸವರುತ್ತಾರೆ. ಬೆಕ್ಕು ಬೆಣ್ಣೆ ನೆಕ್ಕಿ ಕ್ಯಾಪ್ಸೂಲ್ ಉಗಿಯುತ್ತದೆ. ಮತ್ತೆ ಬೆಣ್ಣೆ.

ಸಲಹೆಗೆ ನಮ್ಮ ಸೀಮೆಯಲ್ಲಿ ಬರಗಾಲವಿಲ್ಲ. ಕೊರಟಗೆರೆಯ ಬೀಗರು ಸಿದ್ಧರಬೆಟ್ಟದ ಬೇರು ತಂದುಕೊಟ್ಟರು. “ಡಾಕ್ಟ್ರನ್ನ ಕೇಳ್ದೆ ಕೊಡಲ್ಲ” ಎಂದು ಮೇಷ್ಟ್ರು ಅಟ್ಟದ ಮೇಲಿಟ್ಟರು; ಅಲ್ಲಿ ಅವರು ಮಾಡಿದ್ದೇ ಸರಿ. ಆದರೆ ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ಕೊಟ್ಟು ಬಂದಿದ್ದಾರೆ. ಅದಕ್ಕೆ ಸೈಡ್ ಎಫೆಕ್ಟ್ ಇಲ್ಲವಂತೆ.

ಉಳಿದದ್ದು ಎಣಿಕೆ. ನಿದ್ದೆಯಲ್ಲಿ ಬೆಕ್ಕಿನ ಉಸಿರು ನಿಮಿಷಕ್ಕೆ 30 ದಾಟಬಾರದು, ದಾಟುತ್ತಲೇ ಇದ್ದರೆ ಡಾಕ್ಟರಿಗೆ ಫೋನು. ಮೇಷ್ಟ್ರು ಗೋಡೆ ಗಡಿಯಾರ ನೋಡುತ್ತಾ “ಇಪ್ಪತ್ತೆರಡು, ಇಪ್ಪತ್ಮೂರು…” ಎನ್ನುವಾಗ ಬೆಕ್ಕು ಎಚ್ಚೆತ್ತು ಗುರುಗುಟ್ಟುತ್ತದೆ. ಲೆಕ್ಕ ಮೊದಲಿಂದ. ತಮ್ಮ ಬಿಪಿ ನೋಡಿಸಿ ಎಷ್ಟು ತಿಂಗಳಾಯಿತು ಎಂದು ಕೇಳಿದರೆ ಮಾತ್ರ ಈ ಲೆಕ್ಕದ ಮೇಷ್ಟ್ರಿಗೆ ನೆನಪಿಲ್ಲ.

ಅವರ ಮನೆಗೆ ಹೋಗುವವರು ಮಧ್ಯಾಹ್ನ ಮೂರರ ಹೊತ್ತಿಗೆ ಮಾತ್ರ ಬೆಲ್ ಒತ್ತಬೇಡಿ. ಎಣಿಕೆ ನಡೆದಿರುತ್ತದೆ.